ಕಪ್ಪು ದಾರದ ಗಂಟು

12 ಫೆಬ್ರವರಿ 1958, ಬುಧವಾರ

ಆ ಕಪ್ಪು ದಾರ ನನ್ನದೇ. ಅಲ್ಲ ಎಂದು ಹೇಗೆ ಹೇಳಲಿ?

ನಿನ್ನೆ ಅನಾಟಮಿ ಕ್ಲಾಸಿನಲ್ಲಿ ಶವದ ಕುತ್ತಿಗೆಯ ಎಕ್ಸ್‌ಟರ್ನಲ್ ಕೆರೋಟಿಡ್ ರಕ್ತನಾಳವನ್ನು ಬಿಡಿಸುವಾಗ, ಅದರಿಂದ ನಾಲಿಗೆಗೆ ಹೋಗುವ ಕವಲನ್ನು ಕತ್ತರಿಸಿಬಿಟ್ಟವಳು ವಾರಿಜಾ. ಎರಡು ವರ್ಷದಿಂದ ಒಂದೇ ಮೇಜಿನಲ್ಲಿ ನನ್ನ ಜೊತೆಗಿರುವವಳು. "ವಿನ್ನಿ, ಸರ್ ನೋಡಿದ್ರೆ ನನ್ನನ್ನು ಪರೀಕ್ಷೆಗೆ ಬಿಡುವುದಿಲ್ಲ ಮಾರಾಯ್ತಿ" ಎಂದು ಅತ್ತಳು. ರವಿಕೆ ಹೊಲಿಯುವ ದಾರ ತೆಗೆದು ಎರಡೂ ತುದಿಗಳನ್ನು ಸೇರಿಸಿ ಕಟ್ಟಿಕೊಟ್ಟೆ.

ಇವತ್ತು ಸರ್ ಚಿಮಟದಲ್ಲಿ ಆ ಗಂಟನ್ನೇ ಎತ್ತಿದರು. "ಇದು ಯಾರ ಕೆಲಸ?"

"ವಿನಿಫ್ರೆಡ್‌ಳದ್ದು ಸರ್" ಎಂದಳು ವಾರಿಜಾ.

ಸುಳ್ಳಲ್ಲವಲ್ಲ! ಕತ್ತರಿಸಿದ್ದು ಯಾರೆಂದು ಅವರು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಈ ಸಲ ಪರೀಕ್ಷೆಗೆ ಕೂರುವುದು ಬೇಡ ಎಂದು ನನ್ನನ್ನು ಹೊರಗೆ ಕಳಿಸಿದರು.

ಊಟವಾದ ಮೇಲೆ ವಾರಿಜಾ ನನ್ನ ಹಾಸ್ಟೆಲ್ ಕೋಣೆಗೆ ಬಂದಳು, ಕಂಕನಾಡಿ ಮಾರ್ಕೆಟಿನಿಂದ ತಂದ ಎರಡು ಕಿತ್ತಳೆ ಹಿಡಿದುಕೊಂಡು. "ಕೋಪ ಉಂಟಾ? ನಾಳೆ ನನ್ನ ವೈವಾ ಪರೀಕ್ಷೆ. ಆ ಕೆರೋಟಿಡ್‌ನ ಎಂಟು ಕವಲು ಒಮ್ಮೆ ಹೇಳ್ತೀಯಾ? ನೀನು ಹೇಳಿದ್ರೆ ಮಾತ್ರ ನನಗೆ ನೆನಪಿರ್ತದೆ."

ಹೇಳಿದೆ. ಥೈರಾಯ್ಡಿಗೆ, ಗಂಟಲಿಗೆ, ಮುಖಕ್ಕೆ, ತಲೆಯ ಹಿಂದಕ್ಕೆ, ಕಿವಿಯ ಹಿಂದಕ್ಕೆ, ದವಡೆಗೆ, ಹಣೆಯ ಬದಿಗೆ. ಕಣ್ಣು ಮುಚ್ಚಿ ಎರಡು ಸಲ ಬಾಯಿಪಾಠ ಮಾಡಿಕೊಂಡು, ನನ್ನ ಕೆನ್ನೆ ತಟ್ಟಿ ಹೋದಳು.

ಏಳೇ ಹೇಳಿದ್ದೆ. ತಾನೇ ಕತ್ತರಿಸಿದ ನಾಲಿಗೆಯ ಕವಲು ಅವಳಿಗೆ ನೆನಪಿಗೇ ಬರಲಿಲ್ಲ.