ನಮಿತಾಳ ಸಾಲು

ಬೆಳ್ತಂಗಡಿ, 3 ಆಗಸ್ಟ್ 2025, ಭಾನುವಾರ

ನಮ್ಮ ಕುಟುಂಬದ ಡೇಟಾಬೇಸ್ ಇವತ್ತಾದರೂ ಮುಗಿಯುತ್ತದೆ ಅಂದುಕೊಂಡಿದ್ದೆ. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ಬರುವುದರಿಂದ ಪ್ರತಿಯೊಬ್ಬರ ಸಾಲನ್ನೂ ಅವರವರ ತಾಯಿಯ ಸಾಲಿಗೆ ಜೋಡಿಸಿದ್ದೇನೆ. ಅದು ಚೆನ್ನಾಗಿಯೇ ಕೂತಿದೆ. ಕೈಕೊಟ್ಟದ್ದು ಮದುವೆಯ ಟೇಬಲ್.

ಸಂಜೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂಗಿಯ ವಿವರ ತುಂಬಿಸಿದೆ. ನಮಿತಾ ಮೂರು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಅಮ್ಮನಿಗೆ ಇದ್ದದ್ದು ಅವಳೊಬ್ಬಳೇ ಹೆಣ್ಣು. ಬದುಕಿದ್ದರೆ ಮದುವೆಯ ಪ್ರಾಯ ಆಗುತ್ತಿದ್ದ ವರ್ಷ, ಸತ್ತವರ ಕಾರ್ಯಗಳಿಗೆಂದೇ ಇರುವ ಆಟಿ ತಿಂಗಳಲ್ಲಿ, ಪುಂಜಾಲಕಟ್ಟೆಯ ಹರ್ಷಿತನ ಜೊತೆ ಅವಳ ಪ್ರೇತ ಮದುವೆ ಮಾಡಿದೆವು. ಅವನೂ ಸಣ್ಣದರಲ್ಲೇ ತೀರಿಕೊಂಡವನು. ಸೀರೆ, ಕರಿಮಣಿ, ಊಟ, ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಆ ದಿನಾಂಕ ಹಾಕಿದೆ. ತಪ್ಪು ಎಂದು ಕೆಂಪು ಅಕ್ಷರ ಬಂತು. ಸತ್ತ ಮೇಲೆ ಮದುವೆ ಆಗಬಾರದು ಎಂಬ ನಿಯಮ ಬರೆದವನು ನಾನೇ.

"ಯಾಕೆ ಒಪ್ಪುವುದಿಲ್ಲ ಅದು? ಮದುವೆ ಆಗಿದೆಯಲ್ಲ?" ಎಂದಳು ಅಮ್ಮ.

ಹಾಳು ನಿಯಮವನ್ನು ಅಳಿಸಿ ಹಾಕಿದೆ. ನಮಿತಾ, ಗಂಡ ಹರ್ಷಿತ್ ಎಂದು ಮೂಡಿತು. ಅಮ್ಮ ಪರದೆಯ ಮೇಲೆ ಬೆರಳಿಟ್ಟು ಓದುತ್ತಾ ಹೋಗಿ ಮಕ್ಕಳ ಸಂಖ್ಯೆಯ ಹತ್ತಿರ ನಿಂತಳು.

"ಸೊನ್ನೆ ಹಾಕಬೇಡ ಮಗಾ. ನಮಗೆ ಗೊತ್ತುಂಟಾ?"

ಗೊತ್ತಿಲ್ಲದ ಕಡೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ ಎಂದು ಆಫೀಸಿನಲ್ಲಿ ದಿನವೂ ನಾನು ಹೇಳುವ ಮಾತೇ ಅದು. ಖಾಲಿ ಬಿಟ್ಟೆ.

ಊಟಕ್ಕೆ ಕರೆದಾಗಲೂ ಅಮ್ಮ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಅವಳ ಮಕ್ಕಳು ನಮ್ಮ ಕುಟುಂಬಕ್ಕೇ ಅಲ್ವಾ ಬರುವುದು," ಎಂದಳು. "ಜಾಗ ಇರಲಿ."