ಕಾಲವಾದ ಕಾಲಿನ ಕಿರುಬೆರಳು

ಒಂಟಿಕಾಲಲ್ಲಿ ನಿಂತು ನನ್ನನ್ನು ಓದಿಸಿದ ಮಾವನಿಗೆ,

ಮಿಲಿಟರಿ ಲಾರಿ ಓಡಿಸಲು ಹೋದ ನೀವು ಬಲಗಾಲನ್ನು ಆಫ್ರಿಕಾದ ಮರಳಲ್ಲೇ ಬಿಟ್ಟು ಹಲಸೂರಿಗೆ ಮರಳಿದ ದಿನ, ಅಳುತ್ತಿದ್ದ ಅತ್ತೆಗೆ ಹೇಳಿದ್ದು ನೆನಪಿದೆಯೆ? “ಅಳ್ಬೇಡ ಕಣೇ. ಹೋಗಿರೋದು ಕಾಲು, ಇನ್ನೂ ಮುಕ್ಕಾಲು ಉಳಿದಿದೀನಿ!”

ಕಮರ್ಷಿಯಲ್ ಸ್ಟ್ರೀಟಿನ ಬೂಟಿನಂಗಡಿಯಲ್ಲೂ ಇದೇ ಆಟ. “ಒಂದೇ ಕಾಲಿಗೆ ಕಾಲು ಬೆಲೆ ತಗೊಳ್ಳಪ್ಪ.” ಅಂಗಡಿಯ ಸಾಹೇಬರು ಹಣೆ ಚಚ್ಚಿಕೊಳ್ಳುತ್ತಿದ್ದರು: “ದೂಸ್ರಾ ಕಿಸ್ಕು ಬೇಚೂಂ ಸಾಬ್? ಇನ್ನೊಂದನ್ನ ಯಾರಿಗೆ ಮಾರ್ಲಿ?” ಕೊನೆಗೆ ಜೊತೆಯನ್ನೇ ಕೊಳ್ಳುತ್ತಿದ್ದಿರಿ. ಬಲಗಾಲಿನ ಹೊಸ ಬೂಟು ಪ್ರತಿ ಸಲವೂ ಅತ್ತೆಯ ಟ್ರಂಕಿಗೆ ಸೇರುತ್ತಿತ್ತು. ಎಸೆಯಲು ಅವರಿಗೆ ಮನಸ್ಸಿರಲಿಲ್ಲ.

ಹೀಗೆ ನಗಿಸುತ್ತಿದ್ದ ನೀವು ಒಂದು ಸಂಜೆ ಜಗಲಿಯಲ್ಲಿ ಬೆವರುತ್ತ ಕೂತಿದ್ದಿರಿ. “ಯಾರ್ಗೂ ಹೇಳ್ಬೇಡ ಕಣೋ. ಇಲ್ಲದ ಕಾಲಿನ ಕಿರುಬೆರಳು ಕೆರೀತಿದೆ. ನಂಗೆ ತಲೆ ಕೆಟ್ಟಿದ್ಯಾ?” ನಿಮ್ಮ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ಪುಣ್ಯಕ್ಕೆ ಕಾಲೇಜಿನಲ್ಲಿ ಆಗಷ್ಟೇ ನರಮಂಡಲದ ಪಾಠವಾಗಿತ್ತು. “ತಲೆ ಕೆಟ್ಟಿಲ್ಲ ಮಾವ, ತಲೆಗೆ ಸುದ್ದಿ ಮುಟ್ಟಿಲ್ಲ” ಎಂದೆ. ಬೆರಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ನರದ ದಾರಿ. ಬೆರಳು ಹೋದರೂ ನರದ ಕತ್ತರಿಸಿದ ತುದಿ ತೊಡೆಯೊಳಗೆ ಉಳಿದಿದೆ. ಅದು ಮಿಡುಕಿದರೆ ಮಿದುಳು ಬೆರಳೇ ಕರೆಯಿತೆಂದು ತಿಳಿಯುತ್ತದೆ. ಹುಟ್ಟಿದಂದಿನಿಂದ ಆ ದಾರಿಯಲ್ಲಿ ಬಂದದ್ದೆಲ್ಲ ಬೆರಳಿನ ಸುದ್ದಿಯೇ ತಾನೆ? “ಅಂದ್ರೆ ನರನಿಗೆ ನರವೇ ಶತ್ರು ಅನ್ನು” ಎಂದು ನಕ್ಕಾಗ ನನಗೂ ಉಸಿರು ಬಂತು.

ಬಾಗಿಲಲ್ಲಿ ಕೇಳುತ್ತಿದ್ದ ಅತ್ತೆ ಬಂದು ನಿಮ್ಮ ಎಡಗಾಲಿನ ಕಿರುಬೆರಳು ಕೆರೆದರು. “ಅವಳಿ ಬೆರಳಲ್ವೇನ್ರೀ? ಇದಕ್ಕೆ ಹೇಳಿದ್ರೆ ಅದಕ್ಕೂ ತಿಳಿಯತ್ತೆ.” ನೀವು ಕಣ್ಣು ಮುಚ್ಚಿ, “ಹಾಂ... ಅಲ್ಲೇ” ಎಂದಿರಿ. ಇದಕ್ಕೆ ಪುಸ್ತಕದಲ್ಲಿ ಕಾರಣ ಸಿಗಲಿಲ್ಲ. ನಾನು ಹೆಚ್ಚು ಹುಡುಕಲೂ ಇಲ್ಲ.

ನೀವು ಹೋದ ಮೇಲೆ ಮೊನ್ನೆ ಮೊದಲ ಸಲ ಜಟಕಾ ಹತ್ತಿದಾಗ ನಿಮ್ಮ ಊರುಗೋಲಿಗೆ ಜಾಗ ಬಿಟ್ಟು ಮುದುರಿ ಕೂತೆ. ಪಕ್ಕ ಖಾಲಿ. ಮಾವ, ಪಾಠವೆಲ್ಲ ಓದಿದ ನನ್ನ ತಲೆಗೂ ಸುದ್ದಿ ಇನ್ನೂ...

ಇರಲಿ, ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಪಕ್ಕದ ಮನೆಗೆ ಬರ್ಮಾದಿಂದ ಬಂದ ಸಿಪಾಯಿಯೊಬ್ಬ ಬಾಡಿಗೆಗೆ ಬಂದಿದ್ದಾನೆ. ಅವನಿಗೆ ಎಡಗಾಲಿಲ್ಲ. ಯಾರೊಡನೆಯೂ ಮಾತಿಲ್ಲ, ಮೆಟ್ಟಿಲ ಮೇಲೆ ಕೂತು ಕಾಲಿರಬೇಕಾದ ಜಾಗವನ್ನೇ ನೋಡುತ್ತಿದ್ದ. ಅತ್ತೆ ನೇರ ಹೋಗಿ, “ಯಾವ ಬೆರಳಪ್ಪಾ?” ಎಂದರು.

ಅವನು ಬೆಚ್ಚಿದ. “ನಿಮ್ಗೆ ಹೆಂಗ್ ಗೊತ್ತಾಯ್ತಮ್ಮಾ?”

“ತಲೆ ಕೆಟ್ಟಿಲ್ಲ, ತಲೆಗೆ ಸುದ್ದಿ ಮುಟ್ಟಿಲ್ಲ, ಅಷ್ಟೇ!” ನನ್ನ ಮಾತು, ನನ್ನ ಹೆಸರಿಲ್ಲದೆ! ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅತ್ತೆ ಅವನನ್ನು ಮನೆಗೆ ಕರೆತಂದು ಟ್ರಂಕು ತೆಗೆದರು.

ನಿಮ್ಮ ಬೂಟು ಅವನಿಗೆ ಕೊಂಚ ಸಡಿಲ. ತುದಿಗೆ ಹತ್ತಿ ತುರುಕಿದ್ದಾಯಿತು. ಇವತ್ತು ಅದನ್ನು ಹಾಕಿಕೊಂಡು ಕೆರೆಯ ಕಡೆ ಹೊರಟ. ಹೊಸ್ತಿಲಲ್ಲಿ ಅತ್ತೆ ಅಭ್ಯಾಸಬಲದಿಂದ, “ಬಲಗಾಲಿಟ್ಟು ಹೋಗಪ್ಪಾ” ಎಂದುಬಿಟ್ಟು ನಾಲಗೆ ಕಚ್ಚಿಕೊಂಡರು.

“ಬ್ಯಾರೆ ಗತಿಯೇ ಇಲ್ವಲ್ಲಮ್ಮಾ!” ಎಂದು ಅವನು ನಕ್ಕ.

ಅತ್ತೆ ತಟ್ಟನೆ ನಿಮ್ಮ ಜಗಲಿಯ ಕಡೆ ತಿರುಗಿ ನೋಡಿದರು, ಮಾವ. ನಾನೂ ನೋಡಿದೆ.

ನಿಮ್ಮ ಅಳಿಯ