ಎಬ್ಬಿಸುವ ಬಟನ್

ಖಡಕಿ, ಪುಣೆ, ೨೦೦೭

ತಮ್ಮ ಅವ್ವಣ್ಣ,

ಕಿರಿಯರಿಗೆ ಬರೆಯುವಾಗ ಮೊದಲು ಚಿರಂಜೀವಿ ಎಂದು ಹಾಕಬೇಕು. ನಿನ್ನನ್ನು ಮಣ್ಣು ಮಾಡಿ ವರ್ಷವಾಯಿತು, ಹೇಗೆ ಹಾಕಲಿ?

ಇವತ್ತು ಮೊಮ್ಮಗಳು ಅಪೇಕ್ಷಾ ಟಿವಿಗೆ ಹಚ್ಚುವ ವಿಡಿಯೋ ಗೇಮ್ ತಂದು, ನನ್ನನ್ನೂ ಆಡಲು ಕೂರಿಸಿದಳು. ಅದರಲ್ಲಿ ಗೊಂಬೆಯಂಥ ಮನುಷ್ಯರು ಕಣಕ್ಕಿಳಿದು ಬಡಿದಾಡುತ್ತಾರೆ. ಅದು ಮುಗಿದರೆ ಅವರೇ ವಾಲಿಬಾಲ್ ಆಡುತ್ತಾರೆ. ಹುಚ್ಚರ ಆಟ ಎಂದು ಬೈದೆ. ಆದರೂ ಕೈ ಸುಮ್ಮನಿರಲಿಲ್ಲ, ಸಿಕ್ಕ ಬಟನ್ ಒತ್ತಿ ಅವಳ ಆಳನ್ನು ಕೆಡವಿಯೇಬಿಟ್ಟೆ.

ಅವನು ಅಂಗಾತ ಬಿದ್ದಿದ್ದ. ನಾನು ಮಾತ್ರ ಬಟನ್‌ಗಳನ್ನು ಒಂದೊಂದಾಗಿ ಒತ್ತುತ್ತಲೇ ಇದ್ದೆ.

"ಅಜ್ಜಾ, ಗೆದ್ದೀದಿ ಬಿಡು. ಇನ್ನೇನ್ ಹುಡಕ್ತಿ?"

"ಎಬ್ಬಿಸೋ ಬಟನ್ ಯಾವ್ದದ?"

"ಅಂಥಾದ್ದ ಇಲ್ಲ. ಅಂವ ತಾನಾಗೇ ಎದ್ದು ವಾಲಿಬಾಲ್ ಆಡ್ತಾನ."

ನನಗೆ ಸಿಟ್ಟು ಬಂತು. "ಇದನ್ನ ಮಾಡಿದಂವ ಗರಡಿ ಮಾರಿ ನೋಡಿಲ್ಲ. ಕುಸ್ತ್ಯಾಗ ಕೆಡವಿದಂವನೇ ಕೈ ಕೊಟ್ಟು ಎಬ್ಬಿಸ್ಬೇಕು."

"ನಿನ್ನ ಯಾರರೆ ಕೆಡವಿದ್ರೇನು?"

ಊರ ಕಣದಲ್ಲಿ ಎಲ್ಲರ ಮುಂದೆ ನೀನು ನನ್ನನ್ನು ಕೆಡವಿ ಕೈ ಚಾಚಿದ್ದೆ. ನಾನು ನಿನ್ನ ಕೈ ಹಿಡಿಯದೆ ಎದ್ದು, ಮೈಯ ಮಣ್ಣು ಕೊಡವಿಕೊಂಡು ಪುಣೆಯ ಬಸ್ಸು ಹತ್ತಿದ್ದೆ. ಅದನ್ನೆಲ್ಲ ಅವಳಿಗೆ ಹೇಳಲಿಲ್ಲ.

"ನನ್ ತಮ್ಮ ಕೆಡವಿದ್ದ," ಎಂದೆ.

ಅವಳು ಆಟ ಬಿಟ್ಟು ನನ್ನತ್ತ ತಿರುಗಿದಳು. ನಿನ್ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

"ನಂಗ ಸಣ್ಣಜ್ಜ ಅದಾನೇನು?"

"ಅದಾನ," ಎಂದೆ.